ಮೇಲಿನವರು

ನಮ್ಮೂರ ಅರ್ಜಿ ಮೇಲಕ್ಕೆ ಹೋಗುವುದು
ಹೊಳೆಯ ಇಳಿಜಾರಿನಲ್ಲಿ.

ಪೆಟ್ರೋಲ್ ಡಬ್ಬದ ಪಕ್ಕ, ಪ್ಲಾಸ್ಟಿಕ್ಕು ಸುತ್ತಿಸಿಕೊಂಡು,
ಮೇಲೊಂದು ಕಾಲು ಕಟ್ಟಿದ ಕೋಳಿಯನ್ನು ಕೂರಿಸಿಕೊಂಡು,
ಕ್ಲೆಟಸನ ದೋಣಿಯಲ್ಲಿ ಮಝರೂನಿಯ ಅಬ್ಬಿಗಳನ್ನು
ಒಂದೊಂದಾಗಿ ಧುಮುಕಿ ಬಾರ್ಟಿಕಾ ಮುಟ್ಟುತ್ತದೆ.
ಅಲ್ಲಿ ಪ್ರಾಂತ್ಯ ಪರಿಷತ್ತು. ಮುದ್ರೆ ಒತ್ತಿ, ಮಸಿ ಆರಿಸಿ,
‘ಮೇಲಕ್ಕೆ ಕಳಿಸಿದ್ದೇವೆ’ ಅನ್ನುತ್ತಾರೆ.
ಅಂದರೆ ಇನ್ನೂ ಕೆಳಕ್ಕೆ. ಎಸ್ಸೆಕಿಬೊ ಅಗಲವಾಗಿ ಅಗಲವಾಗಿ
ಆಚೆ ದಡವನ್ನೇ ಮರೆತು ಉಪ್ಪಾಗುವ ಕಡೆಗೆ.

ಜಾರ್ಜ್‌ಟೌನನ್ನು ಒಮ್ಮೆ ನೋಡಿದ್ದೇನೆ.
ಊರು ಆರಿಸಿದ ತೋಶಾವ್ ನಮ್ಮ ವಿನಿಫ್ರೆಡಾ;
ಅಕ್ಷರ ದುಂಡಗಿದೆಯೆಂದು ನಾನು ಅವಳ ಕಾರ್ಯದರ್ಶಿ.
ಚೀಲ ಹೊತ್ತು ಹಿಂದೆ ಹೋಗಿದ್ದೆ.
ಅಲ್ಲಿ ಕಡಲಿಗೆ ಗೋಡೆ ಹಾಕಿದ್ದಾರೆ.
ಉಬ್ಬರದ ಹೊತ್ತಿಗೆ ಗೋಡೆಯಾಚೆಯ ನೀರು
ಬೀದಿಗಿಂತ ಎತ್ತರ. ತೂಬು ಮುಚ್ಚಿ
ಇಳಿತಕ್ಕೆ ಕಾಯುತ್ತಾರೆ, ಮಂತ್ರಿ, ಗುಮಾಸ್ತ, ಮೀನು ಮಾರುವವಳು.
ಇಷ್ಟು ತಗ್ಗಿನಲ್ಲಿ ಕೂತವರನ್ನು
ಇಷ್ಟು ವರ್ಷ ಕತ್ತೆತ್ತಿ ನೋಡಿದೆವಲ್ಲ
ಅಂತ ವಿನಿಫ್ರೆಡಾ ನಕ್ಕು ನಕ್ಕು ಕೆಮ್ಮಿದಳು.

ಅವಳು ಗೆದ್ದದ್ದೂ ಒಂದು ಕತೆ.
ಆ ಸಲ ಮತಪತ್ರ ಮಳೆಗೆ ನೆಂದು ಮುದ್ದೆಯಾಗಿ ಬಂದವು.
ಸರಿ, ಬೇಕಾದವರ ಹಿಂದೆ ಸಾಲು ನಿಲ್ಲಿ ಎಂದರು.
ನಲವತ್ತೊಂದು ಇತ್ತ, ನಲವತ್ತು ಅತ್ತ.
ಆ ಒಬ್ಬ ಸೆಬ್ರಿನೋ ಅಜ್ಜ. ಕೇಳಿದರೆ,
‘ಮೋರಾ ಮರದ ನೆರಳು ಇವಳ ಕಡೆಗಿತ್ತು’ ಎಂದ.
ನಾನು ನಡಾವಳಿಯಲ್ಲಿ ಬರೆದೆ: ಬಹುಮತ.
ನೆರಳಿಗೆ ಕಾಲಂ ಇರಲಿಲ್ಲ.

ಅರ್ಜಿಯಲ್ಲಿ ಇದ್ದದ್ದು ಇಷ್ಟೆ:
ನಮ್ಮ ಕಪ್ಪು ಹಳ್ಳ ಹಾಲು ಬೆರೆಸಿದ ಚಹಾ ಆಗಿದೆ.
ಹಳ್ಳದ ತಲೆಯಲ್ಲಿ ಚಿನ್ನ ಸೋಸುವ ಯಂತ್ರ ರಾತ್ರಿಯಿಡೀ ಗೊರಗೊರ.
ಮೀನು ಹಿಡಿದ ಮಕ್ಕಳು ಮೀನು ಬಿಟ್ಟು ಬರುತ್ತಾರೆ.

ಅದಕ್ಕೊಬ್ಬ ಅಧಿಕಾರಿ ಬಂದ, ಹೊಸ ಬೂಟು.
ಗೋಡೆಯಿಲ್ಲದ ಬೆನಾಬಿನಲ್ಲಿ, ಗರಿಯ ಸೂರಿನಡಿ ಕೂತು
ಮರಗೆಣಸಿನ ರೊಟ್ಟಿ ಮುರಿದ.
‘ಮರ ನಿಮ್ಮದು. ನೆಲ ನಿಮ್ಮದು.
ನೆಲದೊಳಗಿನದು ಸರಕಾರದ್ದು.’
ಎಲ್ಲಿಂದ ಒಳಗೆ? ಕೇಳಿದಳು ವಿನಿಫ್ರೆಡಾ.
ಗ್ರೀನ್‌ಹಾರ್ಟಿನ ಬೇರು ಎಲ್ಲಿ ಮುಗಿಯುತ್ತದೆಂದು
ಯಾವ ಶಾಸನಸಭೆ ಅಗೆದು ನೋಡಿದೆ?
ಆತ ಬರೆದುಕೊಂಡ. ಒಳ್ಳೆಯ ಹುಡುಗ. ಬೂಟಿನೊಳಗೆ ಇರುವೆ.

ಶಾಲೆಯ ಗೋಡೆಗೆ ಮೆಟ್ಟಿಲಿನ ಚಿತ್ರ ಅಂಟಿಸಿದ್ದಾರೆ:
ಊರು, ಪ್ರಾಂತ್ಯ, ದೇಶ.
‘ಕೊನೇ ಮೆಟ್ಟಿಲಿನ ಮೇಲೆ ಯಾರು?’
ಅಂದಳು ವಿನಿಫ್ರೆಡಾಳ ಮೊಮ್ಮಗಳು ತರೀಸಾ.
ಸಮುದ್ರ, ಅಂದೆ.
ಟೀಚರು ನನ್ನ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ.

ಕಾಡಿಗೂ ಹಂತಗಳಿವೆಯಂತೆ, ಪುಸ್ತಕದಲ್ಲಿ ನಾಲ್ಕು.
ನಾನು ಕಂಡಂತೆ, ತುದಿಯ ಗಿಳಿ ಕಚ್ಚಿ ಬೀಳಿಸಿದ್ದನ್ನು
ಬುಡದ ಅಗೂಟಿ ಹೂಳುತ್ತದೆ. ಹೂತು ಮರೆಯುತ್ತದೆ.
ಮರೆತದ್ದು ಮೊಳೆಯುತ್ತದೆ.
ಅಲ್ಲಿ ಯಾರೂ ಏನನ್ನೂ ಮೇಲಕ್ಕೆ ಕಳಿಸುವುದಿಲ್ಲ,
ನೀರೊಂದನ್ನು ಬಿಟ್ಟು.

ಹನ್ನೊಂದು ತಿಂಗಳಿಗೆ ಉತ್ತರ ಬಂತು,
ಊರಿನ ಹೆಸರು ತಪ್ಪಾಗಿ, ಸಹಿ ಮಾತ್ರ ಸುಂದರವಾಗಿ:
ತಮ್ಮ ವಿಷಯ ಸೂಕ್ತ ಹಂತದಲ್ಲಿ ಪರಿಶೀಲನೆಯಲ್ಲಿದೆ.
ಅಷ್ಟರಲ್ಲಿ ಯಂತ್ರದ ದಾರಿಗೆಂದು ಮೋರಾ ಕಡಿದಾಗಿತ್ತು,
ಚುನಾವಣೆಯೂ ಮತ್ತೆ ಬಂದಿತ್ತು.
ಕಾಗದಕ್ಕಿಂತ ಕಾಲೇ ವಾಸಿ ಎಂದು ಊರು ತೀರ್ಮಾನಿಸಿತು.
ಬೋಳು ಬಯಲಲ್ಲಿ ಎರಡು ಸಾಲು.

ಸೆಬ್ರಿನೋ ಅಜ್ಜ ನಡುವೆ ನಿಂತ.
ಟೋಪಿ ತೆಗೆದ. ಹಾಕಿಕೊಂಡ.
ಮೋಟಿನ ಹತ್ತಿರ ಹೋಗಿ, ಅದರ ಮೇಲೆ ಕೂತ.
ನಲವತ್ತು, ನಲವತ್ತು.
ಪೆನ್ನು ಹಿಡಿದು ನಾನು ಕಾಯುತ್ತಿದ್ದೇನೆ.